ಮನೆ ಹೋಯಿತು, ಕೆರೆಗಳು ಉಳಿದವು: ವಾನ್‌ಸ್ಟೆಡ್ ಪಾರ್ಕ್ ಪ್ರಕರಣ

ಲಂಡನ್ನಿನ ಈಶಾನ್ಯ ಅಂಚಿನಲ್ಲಿರುವ ವಾನ್‌ಸ್ಟೆಡ್ ಪಾರ್ಕಿಗೆ ಮೊದಲ ಸಲ ಹೋದವರು ಸ್ವಲ್ಪ ಹೊತ್ತಿನಲ್ಲೇ ಗಲಿಬಿಲಿಗೊಳ್ಳುತ್ತಾರೆ. ಕಾಡೆಂದುಕೊಂಡರೆ ನೇರಗೆರೆ ಎಳೆದಂತೆ ಅಗಲವಾದ ಹುಲ್ಲುಹಾಸೊಂದು ಮರಗಳ ನಡುವೆ ಹಾದುಹೋಗಿದೆ. ತೋಟವೆಂದುಕೊಂಡರೆ ಹೂವಿನ ಪಾತಿ ಎಲ್ಲೂ ಇಲ್ಲ. ಒಂದರ ಹಿಂದೊಂದು ಕೆರೆಗಳು, ನಡುಗಡ್ಡೆಗಳು, ನೀರಿನಂಚಿನಲ್ಲಿ ಸುಟ್ಟುಹೋದ ಕಲ್ಲಿನ ಮಂಟಪ, ಮರಗಳ ನಡುವೆ ಕಂಬಗಳ ಮುಖಮಂಟಪವಿರುವ ಪುಟ್ಟ ಕಟ್ಟಡ. ಎಲ್ಲವೂ ಯಾವುದೋ ಒಂದು ಕಡೆಗೆ ಮುಖಮಾಡಿಕೊಂಡಿವೆ. ಆ ಹುಲ್ಲುಹಾಸಿನ ಗುಂಟ ಪಶ್ಚಿಮಕ್ಕೆ ನಡೆದರೆ ಸಿಗುವುದು ಗಾಲ್ಫ್ ಕ್ಲಬ್ಬಿನ ಗಡಿ. ಅದರಾಚೆ ನೆಲದಲ್ಲೊಂದು ದೊಡ್ಡ ತಗ್ಗು. ಇಂಗ್ಲೆಂಡಿನ ಅತಿ ಭವ್ಯ ಖಾಸಗಿ ಮನೆಗಳಲ್ಲಿ ಒಂದೆಂದು ಹೆಸರಾಗಿದ್ದ ವಾನ್‌ಸ್ಟೆಡ್ ಹೌಸ್ ನಿಂತಿದ್ದ ಜಾಗ ಅದು. ಸುಮಾರು ನೂರು ವರ್ಷ ಬಾಳಿದ ಮನೆಯನ್ನು 1820ರ ದಶಕದಲ್ಲಿ ಕೆಡವಿ, ಕಲ್ಲು, ಮರ, ಸೀಸ ಎಂದು ಬಿಡಿಬಿಡಿಯಾಗಿ ಮಾರಿದರು.

ಮನೆ ಕೆಡವಿದ ಎಸ್ಟೇಟುಗಳು ಇಂಗ್ಲೆಂಡಿನಲ್ಲಿ ನೂರಾರು ಇವೆ. ಹೆಚ್ಚಿನವು ತೆರಿಗೆ, ಯುದ್ಧ, ಆಳುಕಾಳುಗಳ ಅಭಾವಗಳಿಂದ ಇಪ್ಪತ್ತನೆಯ ಶತಮಾನದಲ್ಲಿ ನೆಲಕಚ್ಚಿದವು. ವಾನ್‌ಸ್ಟೆಡ್ ಅವಕ್ಕಿಂತ ನೂರು ವರ್ಷ ಮೊದಲೇ ಹೋಯಿತು, ಅದೂ ಒಬ್ಬನೇ ಮನುಷ್ಯನ ಸಾಲದಿಂದ. ನಾನು ಈ ಪ್ರಕರಣವನ್ನು ಆರಿಸಿಕೊಂಡದ್ದಕ್ಕೆ ಬೇರೆ ಕಾರಣವಿದೆ. ಮನೆ ಹೋದಮೇಲೂ ತೋಟ ಹೇಗೆ ಉಳಿಯಿತು ಎಂದು ಕೇಳಿದರೆ ಯಾರೋ ಸೌಂದರ್ಯಪ್ರಿಯರು ಕಾಪಾಡಿದರು ಎಂಬ ಉತ್ತರ ನಾಲಗೆಯ ತುದಿಗೆ ಬರುತ್ತದೆ. ಇಲ್ಲಿನ ಕಾಗದಪತ್ರ ಬೇರೆಯದನ್ನೇ ಹೇಳುತ್ತದೆ. ಮಾರಲು ಬಂದದ್ದೆಲ್ಲ ಹೋಯಿತು. ಮಾರುವುದಕ್ಕೆ ಕಾನೂನು ಅಡ್ಡ ಬಂದದ್ದು ಉಳಿಯಿತು. ಉಳಿದದ್ದನ್ನು ನೋಡಿಕೊಳ್ಳುವ ಕಷ್ಟವೂ ಅದೇ ಕಾನೂನಿನ ಬೆನ್ನಿಗೇ ಬಂತು.

ಹಣ ಬಂದ ದಾರಿ

1673ರಲ್ಲಿ ವಾನ್‌ಸ್ಟೆಡ್ ಎಸ್ಟೇಟನ್ನು ಕೊಂಡವನು ಜೋಸೈಯಾ ಚೈಲ್ಡ್. ಪೋರ್ಟ್ಸ್‌ಮತ್ ಬಂದರಿನಲ್ಲಿ ನೌಕಾಪಡೆಗೆ ದಿನಸಿ, ಬಿಯರು ಒದಗಿಸುತ್ತ ಮೇಲೆ ಬಂದ ವ್ಯಾಪಾರಿ. ಆಮೇಲೆ ಈಸ್ಟ್ ಇಂಡಿಯಾ ಕಂಪನಿಯ ಷೇರು ಕೂಡಿಹಾಕುತ್ತ ಅದರ ನಿರ್ದೇಶಕನಾದ, 1680ರ ದಶಕದಲ್ಲಿ ಎರಡು ಸಲ ಅದರ ಗವರ್ನರನೂ ಆದ. ಆ ಕಾಲದ ಕಂಪನಿಗೂ ಕನ್ನಡ ನೆಲಕ್ಕೂ ಹತ್ತಿರದ ಒಡನಾಟವಿತ್ತು. ಸೋದೆ ಸೀಮೆಯ ಕರಿಮೆಣಸನ್ನು ಕಂಪನಿ ಹಡಗಿಗೆ ತುಂಬುತ್ತಿದ್ದದ್ದು ಕಾರವಾರದಲ್ಲಿ. ಒಳನಾಡಿನ ಬಟ್ಟೆಗಾಗಿ ಹುಬ್ಬಳ್ಳಿಯಲ್ಲಿ ಅದರ ಮಳಿಗೆಯಿತ್ತು. ಚೈಲ್ಡ್ ವಾನ್‌ಸ್ಟೆಡ್ ಕೊಂಡ ಅದೇ 1673ರಲ್ಲಿ ಮರಾಠಾ ಸೇನೆ ಹುಬ್ಬಳ್ಳಿಯನ್ನು ಲೂಟಿ ಮಾಡಿತು. ಕಂಪನಿಯ ಮಳಿಗೆಯನ್ನೂ ಬಿಡಲಿಲ್ಲ. ಹುಬ್ಬಳ್ಳಿಯ ನಷ್ಟದಿಂದ ಚೈಲ್ಡ್‌ನ ತೋಟಕ್ಕೇನೂ ಆಗಲಿಲ್ಲ ಎನ್ನುವುದು ಬೇರೆ ಮಾತು. ಹೆಚ್ಚು ಪೆಟ್ಟು ಬಿದ್ದದ್ದು ಅವನ ಜಗಳಗಂಟ ನೀತಿಯಿಂದ. ಔರಂಗಜೇಬನ ಮೇಲೆ ಕಂಪನಿ ಯುದ್ಧಕ್ಕೆ ಹೋಗಿ, ಜಂಜೀರದ ಸಿದ್ದಿಗಳಿಂದ ಮುಂಬೈಯಲ್ಲಿ ಮುತ್ತಿಗೆ ಹಾಕಿಸಿಕೊಂಡು, ಕೊನೆಗೆ 1690ರಲ್ಲಿ ಒಂದೂವರೆ ಲಕ್ಷ ರೂಪಾಯಿ ದಂಡ ಕಟ್ಟಿ ಕ್ಷಮೆ ಪಡೆಯಬೇಕಾಯಿತು.

ಈ ಚೈಲ್ಡ್‌ನ ತೋಟವನ್ನು ದಿನಚರಿಕಾರ ಜಾನ್ ಎವೆಲಿನ್ 1683ರ ಮಾರ್ಚಿನಲ್ಲಿ ಬಂದು ನೋಡಿದ. ಆಕ್ರೋಟು ಮರ ನೆಡುವುದಕ್ಕೂ ಮೈಲಿಗಟ್ಟಲೆ ಸುತ್ತಳತೆಯ ಮೀನುಕೊಳ ತೋಡಿಸುವುದಕ್ಕೂ ಸುರಿಯುತ್ತಿದ್ದ ಅಪಾರ ದುಡ್ಡನ್ನು ಕಂಡು ಅವನಿಗೆ ಬೆರಗೂ ಆಯಿತು, ಕಿರಿಕಿರಿಯೂ ಆಯಿತು. ದಿಢೀರ್ ದುಡ್ಡು ಮಾಡಿದವರು ಇಂಥ ಬಂಜರು ಜಾಗವನ್ನೇ ಹುಡುಕಿ ನೆಲೆಸುತ್ತಾರೆ ಎಂಬ ಅರ್ಥದ ಮಾತನ್ನು ಬರೆದಿಟ್ಟ. ಹಳೆ ಶ್ರೀಮಂತರಿಗೆ ಹೊಸ ಶ್ರೀಮಂತರ ಮೇಲಿರುವ ಅಸಹನೆಯನ್ನು ಕಳೆದು ನೋಡಿದರೂ ಎವೆಲಿನ್ ಗುರುತಿಸಿದ ಒಂದು ಸಂಗತಿ ಈ ಪ್ರಕರಣಕ್ಕೆ ಮುಖ್ಯವಾದದ್ದು. ಆ ನೆಲ ನೀರು ಹಿಡಿಯುವ ನೆಲವಲ್ಲ. ಅದು ನದಿ ಒಟ್ಟಿ ಹೋದ ಗರಸಿನ ದಿಬ್ಬ.

ಮನೆ ಕಟ್ಟಿಸಿದವನು ಜೋಸೈಯಾನ ಮಗ ರಿಚರ್ಡ್. ಅಣ್ಣ ತೀರಿಕೊಂಡು 1704ರಲ್ಲಿ ಎಸ್ಟೇಟು ಕೈಗೆ ಬಂದಾಗ ಅವನು ಮೊದಲು ಕೈಹಾಕಿದ್ದು ತೋಟಕ್ಕೆ. ಆ ಕಾಲದ ಹೆಸರಾಂತ ತೋಟಗಾರಿಕೆಗಾರ ಜಾರ್ಜ್ ಲಂಡನ್ ಬಂದು ಫ್ರೆಂಚ್ ಮಾದರಿಯ ಸಾಲುಮರ, ಪಾತಿ, ಕಾಲುವೆಗಳನ್ನು ಹಾಕಿದ. ಹತ್ತು ವರ್ಷ ಕಳೆದಮೇಲೆ, ತೋಟದ ನಟ್ಟನಡುವೆ ವಾಸ್ತುಶಿಲ್ಪಿ ಕಾಲೆನ್ ಕ್ಯಾಂಬೆಲ್ ಮನೆ ಎಬ್ಬಿಸಿದ. 260 ಅಡಿ ಅಗಲದ ಮುಖ, ಎದುರಿಗೆ ಆರು ಕೊರಿಂಥಿಯನ್ ಕಂಬಗಳ ಮುಖಮಂಟಪ. ಇಟಲಿಯ ಪಲ್ಲಾಡಿಯೊನ ಶೈಲಿ ಇಂಗ್ಲೆಂಡಿನ ದೊಡ್ಡ ಮನೆಗಳಲ್ಲಿ ಬೇರೂರಿದ್ದು ಇಂಥ ಮನೆಯಿಂದ. ಯಾರ್ಕ್‌ಶೈರಿನ ವೆಂಟ್‌ವರ್ತ್ ವುಡ್‌ಹೌಸ್ ಇದನ್ನು ನೋಡಿ ಕಟ್ಟಿದ್ದು. ರಿಚರ್ಡ್ ಕೊನೆಗೆ ಟಿಲ್ನಿಯ ಅರ್ಲ್ ಎನಿಸಿಕೊಂಡ. ಅಪ್ಪನ ಕಾಲದ ಅಂಗಡಿ ವಾಸನೆ ಬಿರುದಿನಡಿ ಮುಚ್ಚಿಹೋಯಿತು.

ಗರಸಿನ ಮೇಲೆ ನೀರು ನಿಲ್ಲಿಸಿದ ಬಗೆ

ಈ ತೋಟದ ಜೀವಾಳ ಅದರ ನೀರಿನ ಏರ್ಪಾಡು. ನಮ್ಮ ಬಯಲುಸೀಮೆಯ ಕೆರೆ ಸರಣಿಗಳನ್ನು ನೋಡಿದವರಿಗೆ ಅದನ್ನು ವಿವರಿಸುವುದು ಸುಲಭ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಅದರ ನೀರು ಕೆಳಗಿನ ಕೆರೆಗೆ. ಅದು ತುಂಬಿದರೆ ಮುಂದಿನದಕ್ಕೆ. ವಾನ್‌ಸ್ಟೆಡ್‌ನಲ್ಲಿ ಮನೆಯ ಎದುರಿನ ಬೇಸಿನ್ ಎಂಬ ಕೊಳ, ಅದರ ಕೆಳಗೆ ಶೋಲ್ಡರ್ ಆಫ್ ಮಟನ್, ಮುಂದೆ ಹೆರನ್ರಿ, ಪರ್ಚ್, ಡೆಲ್. ಕೊನೆಯದು ರೋಡಿಂಗ್ ನದಿಯ ಪಕ್ಕಕ್ಕೇ ಇರುವ ಆರ್ನಮೆಂಟಲ್ ವಾಟರ್. ಕೊನೆಯದರ ಹೆಚ್ಚುವರಿ ನೀರು ನದಿಗೆ. ನಮ್ಮಲ್ಲಿ ಗದ್ದೆಗಾಗಿ ಮಾಡಿದ್ದನ್ನು ಅಲ್ಲಿ ನೋಟಕ್ಕಾಗಿ ಮಾಡಿದರು, ಅಷ್ಟೇ ವ್ಯತ್ಯಾಸ. ಪಕ್ಕದ ಲೇಟನ್‌ಸ್ಟೋನಿನ ಸಸಿಮಡಿಗಾರ ಆ್ಯಡಮ್ ಹೋಲ್ಟ್ ಈ ಕೆಲಸದ ಹಿಂದಿದ್ದ ತಲೆ. ಎಪಿಂಗ್ ಕಾಡಿನ ಕಡೆಯಿಂದ ನೀರು ತಿರುಗಿಸಿ ತಂದು, ಗರಸಿನ ತಳಕ್ಕೆ ಜೇಡಿಮಣ್ಣು ತುಳಿಸಿ ಮೆತ್ತಿ, ಕೆರೆಗಳನ್ನು ನಿಲ್ಲಿಸಲಾಯಿತು. ಸಾಲುಮರ ನೆಡಲು 1715ರಲ್ಲಿ ಗುಂಡಿ ತೋಡುತ್ತಿದ್ದಾಗ ಇದೇ ಹೋಲ್ಟ್‌ಗೆ ರೋಮನ್ ಕಾಲದ ಕಲ್ಲುಹರಳಿನ ನೆಲಹಾಸು ಸಿಕ್ಕಿತ್ತು. ಚೈಲ್ಡ್ ಮನೆತನಕ್ಕಿಂತ ಒಂದೂವರೆ ಸಾವಿರ ವರ್ಷ ಮೊದಲೇ ಇನ್ನಾರೋ ಆ ಜಾಗವನ್ನು ಮೆಚ್ಚಿಕೊಂಡಿದ್ದರು.

ಜೇಡಿ ಮೆತ್ತುವ ಕೆಲಸದ ಬಗ್ಗೆ ಎರಡು ಮಾತು ಹೆಚ್ಚಿಗೆ ಹೇಳಬೇಕು. ಮುಂದಿನ ಕಷ್ಟವೆಲ್ಲ ಅಲ್ಲಿಂದಲೇ ಹುಟ್ಟುವುದು. ಹಸಿ ಜೇಡಿಮಣ್ಣನ್ನು ಕಾಲಿನಿಂದಲೋ ದನಗಳಿಂದಲೋ ತುಳಿಸಿ, ಒಳಗಿನ ಗಾಳಿಯೆಲ್ಲ ಹೊರಬಿದ್ದು ಅಂಟಾಗುವಂತೆ ಮಾಡಿ, ಪದರ ಪದರವಾಗಿ ತಳಕ್ಕೆ ಹೊದಿಸುತ್ತಾರೆ. ನೀರು ನಿಂತಿರುವವರೆಗೆ ಆ ಪದರ ನೀರು ಬಿಡುವುದಿಲ್ಲ. ಒಂದು ಬೇಸಿಗೆ ಪೂರ್ತಿ ಒಣಗಿಸಿದರೆ ಬಿರುಕು ಬಿಡುತ್ತದೆ, ಬಿರುಕಿನಲ್ಲಿ ಬೇರು ಇಳಿಯುತ್ತದೆ. ಮುಂದಿನ ಮಳೆಗಾಲದಲ್ಲಿ ಕೆರೆ ತುಂಬಿದಂತೆ ಕಂಡರೂ ಅಡಿಯಿಂದ ಸೋರುತ್ತಲೇ ಇರುತ್ತದೆ. ಹಾಗಾಗಿ ಇಂಥ ಕೆರೆಗೆ ಬೇಕಾದದ್ದು ವರ್ಷವಿಡೀ ಕಾಯುವ ಆಳು. ಟಿಲ್ನಿಯ ಅರ್ಲ್‌ನಿಗೆ ಆಳುಗಳಿಗೇನೂ ಬರವಿರಲಿಲ್ಲ.

ಎರಡನೆಯ ಅರ್ಲ್ ಜಾನ್ 1760ರ ಸುಮಾರಿಗೆ ಎರಡು ಕಟ್ಟಡ ಸೇರಿಸಿದ. ಮರಗಳ ನಡುವಿನ ಟೆಂಪಲ್, ನೀರಿನಂಚಿನಲ್ಲಿ ಗ್ರಾಟೊ ಎಂಬ ಗುಹೆಯಂಥ ಮಂಟಪ. ಟೆಂಪಲ್ ಎಂದ ಮಾತ್ರಕ್ಕೆ ಅಲ್ಲಿ ದೇವರೇನೂ ಇರಲಿಲ್ಲ. ಅಲಂಕಾರದ ಕೋಳಿಗಳನ್ನು, ಬೇರೆ ಹಕ್ಕಿಗಳನ್ನು ಸಾಕುತ್ತಿದ್ದ ಜಾಗ. ಗ್ರಾಟೊದಲ್ಲಿ ಕೆಳಗೆ ದೋಣಿ ನಿಲ್ಲಿಸುವ ಮನೆ, ಮೇಲೆ ಗುಮ್ಮಟವಿದ್ದ ಕೋಣೆ, ಗೋಡೆಗೆಲ್ಲ ಚಿಪ್ಪು, ಹರಳು, ಕನ್ನಡಿ ಚೂರು. ಇಷ್ಟೆಲ್ಲ ಮಾಡಿಸಿದ ಅರ್ಲ್ ತನ್ನ ಕೊನೆಗಾಲವನ್ನು ಇಟಲಿಯಲ್ಲಿ ಕಳೆದು, ಮದುವೆಯಾಗದೆ 1784ರಲ್ಲಿ ಸತ್ತ. ಆಸ್ತಿ ಸೋದರಳಿಯನಿಗೆ, ಅವನಿಂದ ಅವನ ಎಳೆಯ ಮಗನಿಗೆ, ಆ ಹುಡುಗ 1805ರಲ್ಲಿ ತೀರಿಕೊಂಡಾಗ ಅಕ್ಕ ಕ್ಯಾಥರೀನ್ ಟಿಲ್ನಿ-ಲಾಂಗ್‌ಗೆ ಹೋಯಿತು.

ಕ್ಯಾಥರೀನ್, ಅವಳ ಗಂಡ, ಹರಾಜು

ಹದಿನೈದರ ಆಸುಪಾಸಿನಲ್ಲಿ ಇಂಗ್ಲೆಂಡಿನ ಅತಿ ಶ್ರೀಮಂತ ಹುಡುಗಿ ಎನಿಸಿಕೊಳ್ಳುವುದು ಯಾರಿಗೂ ಬೇಡದ ಅದೃಷ್ಟ. ಮುಂದೆ ನಾಲ್ಕನೆಯ ವಿಲಿಯಂ ಎಂದು ಪಟ್ಟವೇರಿದ ಕ್ಲಾರೆನ್ಸಿನ ಡ್ಯೂಕ್ ಕೂಡ ಅವಳ ಬೆನ್ನುಬಿದ್ದಿದ್ದ. ಅವಳು ರಾಜಕುಮಾರನನ್ನು ಬಿಟ್ಟು 1812ರ ಮಾರ್ಚಿನಲ್ಲಿ ಮದುವೆಯಾದದ್ದು ವಿಲಿಯಂ ವೆಲ್ಲೆಸ್ಲಿ-ಪೋಲ್‌ನನ್ನು. ಈ ಹೆಸರು ನಮಗೆ ಪರಿಚಿತ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಗವರ್ನರ್ ಜನರಲ್ ಆಗಿದ್ದ ರಿಚರ್ಡ್ ವೆಲ್ಲೆಸ್ಲಿ ಇವನ ದೊಡ್ಡಪ್ಪ. ಆ ಯುದ್ಧದಲ್ಲಿದ್ದು, ಬಳಿಕ ದರಿಯಾ ದೌಲತ್‌ನಲ್ಲಿ ವಾಸವಾಗಿ ಶ್ರೀರಂಗಪಟ್ಟಣದ ಆಡಳಿತ ನೋಡಿಕೊಂಡ ಆರ್ಥರ್ ವೆಲ್ಲೆಸ್ಲಿ, ಮುಂದಿನ ವೆಲ್ಲಿಂಗ್ಟನ್ ಡ್ಯೂಕ್, ಇವನ ಚಿಕ್ಕಪ್ಪ. ಟಿಪ್ಪುವಿನ ಅರಮನೆ ಅಳಿದು ತೋಟದ ಮಹಲು ಉಳಿದ ಊರಿನಲ್ಲಿ ಚಿಕ್ಕಪ್ಪ ಅಧಿಕಾರ ನಡೆಸಿದ್ದ. ಅಣ್ಣನ ಮಗ ಅಂಥದನ್ನೇ ಸ್ವಂತ ಖರ್ಚಿನಲ್ಲಿ, ಸ್ವಂತ ಮನೆಗೆ ಮಾಡಿಕೊಂಡ.

ಮದುವೆಯಾದವನು ಹೆಂಡತಿಯ ಕುಲನಾಮಗಳನ್ನೆಲ್ಲ ತನ್ನದಕ್ಕೆ ಪೋಣಿಸಿಕೊಂಡು ಪೋಲ್-ಟಿಲ್ನಿ-ಲಾಂಗ್-ವೆಲ್ಲೆಸ್ಲಿ ಆದ; ಲಂಡನ್ ನಗುವುದಕ್ಕೆ ಅಷ್ಟು ಸಾಕಾಯಿತು. ತೋಟದ ವಿಷಯದಲ್ಲಿ ಅವನು ದಡ್ಡನೇನಲ್ಲ. 1813ರಲ್ಲಿ ಹಂಫ್ರಿ ರೆಪ್ಟನ್‌ನನ್ನು ಕರೆಸಿದ. ಗಾಡಿ ಅಪಘಾತದಲ್ಲಿ ಪೆಟ್ಟಾಗಿ ಗಾಲಿಕುರ್ಚಿ ಹಿಡಿದಿದ್ದ ರೆಪ್ಟನ್ ಆಗ ದೇಶದ ಮೊದಲ ಸಾಲಿನ ತೋಟ ವಿನ್ಯಾಸಕಾರ. ಮುಂದಿನ ವರ್ಷ ನೆಪೋಲಿಯನ್‌ನನ್ನು ಗೆದ್ದ ಸಂಭ್ರಮದಲ್ಲಿ ಚಿಕ್ಕಪ್ಪನಿಗೆ ಇಲ್ಲಿ ಭಾರಿ ಔತಣ ನಡೆಯಿತು. ಅಲ್ಲಿಂದ ಮುಂದೆ ಸಾಲ. ಜೂಜು, ಚುನಾವಣೆ, ಕುದುರೆ, ಹೆಣ್ಣು ಎಂದು ಪಟ್ಟಿ ಮಾಡಬಹುದು, ಆದರೆ ಆ ಕಥೆಯಲ್ಲಿ ಹೊಸತೇನೂ ಇಲ್ಲ. 1822ರ ಹೊತ್ತಿಗೆ ಸಾಲಗಾರರ ಕಾಟ ತಾಳಲಾರದೆ ಅವನು ದೇಶ ಬಿಟ್ಟ.

ತೋಟ ಉಳಿದದ್ದು ಹೇಗೆಂದು ತಿಳಿಯಲು ಇಲ್ಲಿ ಕೊಂಚ ನಿಧಾನಿಸಬೇಕು. ಸಾಲ ತೀರಿಸಲು ಎಸ್ಟೇಟು ಮಾರಿದ್ದರೆ ನೆಲವೆಲ್ಲ ಆಗಲೇ ತುಂಡು ತುಂಡಾಗಿ ಹೋಗುತ್ತಿತ್ತು. ಮದುವೆಯ ಕಾಲದ ಆಸ್ತಿ ಕರಾರು ಅದಕ್ಕೆ ಅಡ್ಡವಿತ್ತು. ನೆಲ ಹುಟ್ಟಲಿರುವ ಹಿರಿಯ ಮಗನಿಗೆ ಸೇರಬೇಕಾದದ್ದು. ಗಂಡನಿಗೆ ಅದನ್ನು ಅನುಭವಿಸುವ ಹಕ್ಕಿತ್ತು, ಮಾರುವ ಹಕ್ಕಿರಲಿಲ್ಲ. ಮನೆಯೊಳಗಿನ ಸಾಮಾನಿಗೆ ಆ ಕಟ್ಟು ಇರಲಿಲ್ಲ. ಕೊನೆಗೆ ಮನೆಯ ಕಲ್ಲುಕಂಬಗಳನ್ನು ಕಟ್ಟಡ ಸಾಮಗ್ರಿಯೆಂದು ಮಾರುವುದಕ್ಕೂ ದಾರಿ ಸಿಕ್ಕಿತು. 1822ರ ಜೂನ್‌ನಲ್ಲಿ ರಾಬಿನ್ಸ್ ಎಂಬ ಹರಾಜುದಾರ ಮನೆಯಲ್ಲೇ ಕುಳಿತು 32 ದಿನ ಹರಾಜು ಕೂಗಿದ. ಕುರ್ಚಿ, ಚಿತ್ರ, ಜಮಖಾನೆ, ಅಡುಗೆಮನೆಯ ತಾಮ್ರದ ಪಾತ್ರೆ, ತೋಟದ ವಿಗ್ರಹಗಳು ಎಲ್ಲ ಸೇರಿ ಬಂದದ್ದು ಸುಮಾರು 41,000 ಪೌಂಡ್. ಇಡೀ ಮನೆಯನ್ನು ಕೊಂಡು ವಾಸಮಾಡುವವರು ಯಾರೂ ಮುಂದೆ ಬರಲಿಲ್ಲ. ಮರುವರ್ಷ ಮನೆಯ ಮೈಯನ್ನೇ 10,000 ಪೌಂಡಿಗೆ ನಾರ್ವಿಚ್‌ನ ವ್ಯಾಪಾರಿಗಳಿಗೆ ಕೊಟ್ಟರು. 1825ರ ಮಾರ್ಚ್ 25ರೊಳಗೆ ಜಾಗ ಖಾಲಿಯಾಗಬೇಕು ಎಂಬುದು ಷರತ್ತು. ಕಟ್ಟಲು 3,60,000 ಪೌಂಡ್ ಖರ್ಚಾಗಿತ್ತೆಂದು ಆ ಕಾಲದವರು ಹೇಳಿಕೊಳ್ಳುತ್ತಿದ್ದರು.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕ್ಯಾಥರೀನ್ 35ರ ವಯಸ್ಸಿನಲ್ಲಿ ತೀರಿಕೊಂಡಳು. ಮಕ್ಕಳು ತಂದೆಯ ಕೈಗೆ ಸಿಗದಂತೆ ನೋಡಿಕೊಳ್ಳಲು ಸಾಯುವ ಮೊದಲೇ ವ್ಯವಸ್ಥೆ ಮಾಡಿದ್ದಳು. ಅದು ನ್ಯಾಯಾಲಯಕ್ಕೆ ಹೋಗಿ, 1827ರಲ್ಲಿ ನ್ಯಾಯಾಧೀಶ ಲಾರ್ಡ್ ಎಲ್ಡನ್ ತಂದೆಗೆ ಮಕ್ಕಳನ್ನು ಒಪ್ಪಿಸಲು ನಿರಾಕರಿಸಿದ. ತಂದೆಯೆಂದರೆ ಮಕ್ಕಳ ಒಡೆಯ ಎಂದೇ ಕಾನೂನು ನಂಬಿದ್ದ ಕಾಲದಲ್ಲಿ ಅದು ಸಣ್ಣ ತೀರ್ಪಲ್ಲ. ತೋಟದ ಕಥೆಗೆ ಇದು ಹೊರಗಿನದು ಎನಿಸಬಹುದು. ನನಗೆ ಹಾಗೆ ಕಾಣುವುದಿಲ್ಲ. ಮಗನಿಗೆಂದು ನೆಲವನ್ನು ಕಟ್ಟಿಟ್ಟ ಕರಾರೂ ಅವನನ್ನು ತಂದೆಯಿಂದ ದೂರವಿಟ್ಟ ತೀರ್ಪೂ ಒಬ್ಬನೇ ಮನುಷ್ಯನ ಕೈ ಕಟ್ಟುವುದಕ್ಕೆ ಹುಟ್ಟಿದವು. ಕೈಗೆ ಸಿಕ್ಕ ಮರಗಳನ್ನಂತೂ ಅವನು ಬಿಡಲಿಲ್ಲ, ಕಡಿಸಿ ಮಾರಿದ. ನೆಲ ಮಾತ್ರ ದಕ್ಕಲಿಲ್ಲ.

ಸ್ಮಶಾನದಿಂದ ಬಂದ ಹಕ್ಕು

ಮುಂದಿನ ಐವತ್ತು ವರ್ಷ ಪಾರ್ಕು ಯಜಮಾನನಿಲ್ಲದ ಮನೆಯಂಗಳದ ಹಾಗೆ ಬಿದ್ದಿತ್ತು. ಮನೆ ಇದ್ದ ಕಡೆ ದನ ಮೇಯುತ್ತಿದ್ದವು. ವಿಲಿಯಂ 1857ರಲ್ಲಿ, ಅವನ ಮಗ 1863ರಲ್ಲಿ ಸತ್ತು, ಆಸ್ತಿ ವೆಲ್ಲೆಸ್ಲಿ ವಂಶದ ಇನ್ನೊಂದು ಕವಲಿನ ಅರ್ಲ್ ಕೌಲಿಗೆ ಹೋಯಿತು. ಅಷ್ಟರಲ್ಲಿ ಲಂಡನ್ ಪೂರ್ವಕ್ಕೆ ಹಬ್ಬುತ್ತ ಬಂದಿತ್ತು. ಸುತ್ತಲ ಜಮೀನನ್ನು ನಿವೇಶನ ಮಾಡಿ ಮಾರುವುದು ಆಗ ಎಲ್ಲ ಜಮೀನ್ದಾರರ ಲೆಕ್ಕಾಚಾರ.

ಇದರ ನಡುವೆ, 1850ರ ದಶಕದ ಮೊದಲಲ್ಲಿ ನಡೆದ ಒಂದು ವ್ಯವಹಾರ ಇಡೀ ಪ್ರಕರಣದ ದಿಕ್ಕು ತಿರುಗಿಸಿತು. ಸಿಟಿ ಆಫ್ ಲಂಡನ್ ಕಾರ್ಪೊರೇಷನ್ನಿಗೆ ಹೆಣ ಹೂಳಲು ಜಾಗ ಬೇಕಾಗಿತ್ತು. ನಗರದೊಳಗಿನ ಚರ್ಚ್ ಅಂಗಳಗಳು ತುಂಬಿ ನಾರುತ್ತಿದ್ದವು. ವಾನ್‌ಸ್ಟೆಡ್ ಎಸ್ಟೇಟಿಗೆ ಸೇರಿದ ಆಲ್ಡರ್ಸ್‌ಬ್ರೂಕ್ ಹೊಲವನ್ನು ಅದು ಕೊಂಡಿತು, 1856ರಲ್ಲಿ ಸ್ಮಶಾನ ತೆರೆಯಿತು. ಆ ಹೊಲದ ಜೊತೆಗೆ ಇನ್ನೊಂದು ಹಕ್ಕೂ ಬಂತು. ಎಪಿಂಗ್ ಕಾಡಿನ ಅಂಚಿನಲ್ಲಿ ಜಮೀನು ಇದ್ದವರಿಗೆಲ್ಲ ಕಾಡಿನಲ್ಲಿ ದನ ಮೇಯಿಸುವ ಹಳೆಯ ಹಕ್ಕು ಇರುತ್ತಿತ್ತು. ಹೆಣ ಹೂಳಲು ಜಮೀನು ಕೊಂಡ ನಗರಸಭೆ ಹೀಗೆ ಕಾಡಿನ ಹುಲ್ಲಿಗೂ ಪಾಲುದಾರನಾಯಿತು.

1871ರ ಜುಲೈ 8ರಂದು ಎಪಿಂಗ್ ಕಾಡಿನ ಭಾಗವೇ ಆದ ವಾನ್‌ಸ್ಟೆಡ್ ಫ್ಲಾಟ್ಸ್ ಎಂಬ ಬಯಲಿನಲ್ಲಿ ಪೂರ್ವ ಲಂಡನ್ನಿನ ಜನ ಸಾವಿರಗಟ್ಟಲೆ ಸೇರಿ, ಅರ್ಲ್ ಹಾಕಿಸಿದ್ದ ಬೇಲಿಯನ್ನು ಕಿತ್ತೆಸೆದರು. ಬೀದಿಯ ಜಗಳ ಹೀಗೆ ಜೋರಾದ ಹೊತ್ತಿಗೇ ಕಾರ್ಪೊರೇಷನ್ ತನ್ನ ಹುಲ್ಲಿನ ಹಕ್ಕು ಹಿಡಿದು, ಕಾಡಿಗೆ ಬೇಲಿ ಹಾಕಿದ ಜಮೀನ್ದಾರರ ಮೇಲೆ ಮೊಕದ್ದಮೆ ಹೂಡಿತು. 1874ರ ನವೆಂಬರಿನಲ್ಲಿ ನ್ಯಾಯಾಧೀಶ ಜಾರ್ಜ್ ಜೆಸೆಲ್ ಜಮೀನ್ದಾರರ ವಿರುದ್ಧ ತೀರ್ಪು ಕೊಟ್ಟ. 1878ರ ಎಪಿಂಗ್ ಫಾರೆಸ್ಟ್ ಕಾಯ್ದೆ ಕಾಡನ್ನು ಕಾರ್ಪೊರೇಷನ್ನಿನ ಸುಪರ್ದಿಗೆ ಕೊಟ್ಟಿತು. 1880ರಲ್ಲಿ ಅರ್ಲ್ ಕೌಲಿ ಪಾರ್ಕಿನ 184 ಎಕರೆಯನ್ನು 8,000 ಪೌಂಡಿಗೆ ಕಾರ್ಪೊರೇಷನ್ನಿಗೆ ಮಾರಿದ. ಅದನ್ನು ಕಾಡಿಗೆ ಸೇರಿಸಲಾಯಿತು. 1882ರ ಆಗಸ್ಟ್ 1ರಂದು ಸಾರ್ವಜನಿಕರಿಗೆ ಬಾಗಿಲು ತೆರೆಯಿತು. ಹರಾಜಿನಲ್ಲಿ ಮನೆಯ ಸಾಮಾನಿಗೆ ಬಂದ ದುಡ್ಡಿನ ಐದನೇ ಒಂದು ಪಾಲಿಗೆ ತೋಟದ ಬಹುಭಾಗ ಜನರದ್ದಾಯಿತು.

ಉಳಿದದ್ದರ ಈಗಿನ ಸ್ಥಿತಿ

ಈಸ್ಟ್‌ಹ್ಯಾಮ್, ಇಲ್‌ಫರ್ಡ್ ಕಡೆ ಮನೆ ಮಾಡಿಕೊಂಡಿರುವ ಕನ್ನಡಿಗರಿಗೆ ಪಾರ್ಕು ಬಹಳ ದೂರವಲ್ಲ. ಹೋದವರು ಬ್ಲೇಕ್ ಹಾಲ್ ರಸ್ತೆಯ ಕಡೆಯಿಂದ ಒಳಗೆ ಹೋಗುವುದು ಒಳ್ಳೆಯದು. ಓವರ್ಟನ್ ಡ್ರೈವ್ ತಿರುವಿನಲ್ಲಿ ಎರಡು ಎತ್ತರದ ಕಲ್ಲಿನ ಕಂಬಗಳಿವೆ. ನಡುವೆ ಗೇಟಿಲ್ಲ, ಕಾರುಗಳು ಓಡಾಡುತ್ತವೆ. ಕಂಬದ ಮೈಮೇಲೆ ಬಳ್ಳಿಯಂತೆ ಹೆಣೆದ ಎರಡು ಇಂಗ್ಲಿಷ್ ಅಕ್ಷರಗಳನ್ನು ಕೆತ್ತಿದ್ದಾರೆ. ರಿಚರ್ಡ್ ಚೈಲ್ಡ್ ಹೆಸರಿನ ಆರ್, ಸಿ. ಗೊತ್ತಿಲ್ಲದವರಿಗೆ ಅದು ಬರೀ ಸುರುಳಿ ಕೆತ್ತನೆ. ಈ ಕಂಬಗಳು ಅಂದು ಎಸ್ಟೇಟಿನ ಬಾಗಿಲು. ಇವತ್ತು ಅವುಗಳ ಹಿಂದೆ ಸಾಲುಮನೆಗಳು.

ಆ ರಸ್ತೆಯಲ್ಲಿ ಮುಂದೆ ಹೋದರೆ 1790ರ ಸೇಂಟ್ ಮೇರಿ ಚರ್ಚು. ಒಳಗೆ ಜೋಸೈಯಾ ಚೈಲ್ಡ್‌ನ ಅಮೃತಶಿಲೆಯ ಸ್ಮಾರಕವಿದೆ. ರೋಮನ್ ವೀರನ ಉಡುಪು ತೊಟ್ಟು, ತಲೆಗೆ ಹದಿನೇಳನೆಯ ಶತಮಾನದ ಗುಂಗುರು ಟೋಪನ್ ಹಾಕಿಕೊಂಡು ನಿಂತಿದ್ದಾನೆ. ಮೆಣಸು, ಬಟ್ಟೆ, ಬಿಯರು ಮಾರಿದವನಿಗೆ ಸೀಸರನ ವೇಷ! ಚರ್ಚಿನ ಪಕ್ಕದಲ್ಲೇ ಗಾಲ್ಫ್ ಕ್ಲಬ್. 1893ರಿಂದ ಮನೆಯ ಜಾಗ, ಎದುರಿನ ಬೇಸಿನ್ ಕೊಳ ಎರಡೂ ಕ್ಲಬ್ಬಿನ ಮೈದಾನದಲ್ಲಿವೆ. ಹಳೆಯ ಕುದುರೆಲಾಯದ ಭಾಗ ಕ್ಲಬ್ಬಿನ ಕಟ್ಟಡವಾಗಿದೆ. ಮನೆಯೊಂದು ಕಡೆ, ತೋಟವೊಂದು ಕಡೆ ಎಂಬಂತೆ ಒಡೆತನ ಹಂಚಿಹೋದದ್ದು ಹೀಗೆ. ಕಾರ್ಪೊರೇಷನ್, ಕ್ಲಬ್, ಚರ್ಚು, ರೆಡ್‌ಬ್ರಿಜ್ ಕೌನ್ಸಿಲ್ ಹೀಗೆ ಹಲವರ ಕೈಯಲ್ಲಿರುವ ಒಂದೇ ವಿನ್ಯಾಸ. ಒಬ್ಬರ ಕೊಳದ ಕೋಡಿ ಇನ್ನೊಬ್ಬರ ಕೆರೆಗೆ ನೀರು.

ಪಾರ್ಕಿನೊಳಗೆ ನೋಡುವುದಕ್ಕೆ ಬೇಕಾದಷ್ಟಿದೆ. ಏಪ್ರಿಲ್ ಕೊನೆಯಿಂದ ಮೇ ವರೆಗೆ ಶ್ಯಾಲೇ ವುಡ್ ಎಂಬ ತೋಪಿನ ನೆಲ ಪೂರ್ತಿ ನೀಲಿಗಟ್ಟುತ್ತದೆ. ಬ್ಲೂಬೆಲ್ ಹೂವನ್ನು ಜನ ತುಳಿಯದಂತೆ ಸ್ವಯಂಸೇವಕರು ದಾರಿಯ ಎರಡೂ ಬದಿಗೆ ಮರದ ಕೊರಡುಗಳನ್ನು ಉರುಳಿಸಿ ಗಡಿ ಮಾಡಿದ್ದಾರೆ. ಕಾವಲುಗಾರನಿಲ್ಲದೆ ಕೆಲಸ ಮಾಡುವ ಸರಳ ಉಪಾಯ. ಟೆಂಪಲ್ ಈಗ ಪುಟ್ಟ ವಸ್ತುಸಂಗ್ರಹಾಲಯ. ಬಯಲಿನ ಹುಲ್ಲು ಪೊದೆಗಟ್ಟದಂತೆ ಉದ್ದ ಕೊಂಬಿನ ಇಂಗ್ಲಿಷ್ ತಳಿಯ ದನಗಳನ್ನು ಇತ್ತೀಚೆಗೆ ಮೇಯಲು ಬಿಡುತ್ತಿದ್ದಾರೆ. ಬೇಲಿಯ ಬದಲು ಕೊರಳಿಗೆ ಜಿಪಿಎಸ್ ಪಟ್ಟಿ. 1871ರಲ್ಲಿ ಬೇಲಿ ಕಿತ್ತವರು ಇದನ್ನು ನೋಡಿದ್ದರೆ ಖುಷಿಪಡುತ್ತಿದ್ದರು.

ಗ್ರಾಟೊ ಮಾತ್ರ ಹೊಟ್ಟೆ ಉರಿಸುತ್ತದೆ. ಮನೆ ಕೆಡವಿದವರ ಕೈಗೆ ಸಿಗದೆ, ಆಮೇಲಿನ ಐವತ್ತು ವರ್ಷದ ಅನಾದರವನ್ನೂ ತಾಳಿಕೊಂಡು ನಿಂತ ಈ ಕಟ್ಟಡ ಸುಟ್ಟದ್ದು 1884ರ ನವೆಂಬರಿನಲ್ಲಿ, ಪಾರ್ಕು ಜನರ ಕೈಗೆ ಬಂದು ಎರಡು ವರ್ಷವಾದಮೇಲೆ. ಗುಮ್ಮಟ, ಚಿಪ್ಪು, ಕನ್ನಡಿ ಎಲ್ಲ ಹೋಗಿ ನೀರಿನ ಕಡೆಯ ಮುಖವಷ್ಟೇ ನಿಂತಿದೆ. ಹತ್ತಿರದಿಂದ ನೋಡಿದರೆ ಮಾಟವಾಗಿ ಕೆತ್ತಿದ ಒಂದು ಕಲ್ಲೂ ಕಾಣುವುದಿಲ್ಲ. ಒರಟು ಬಂಡೆಗಳನ್ನು, ಗಂಟುಗಂಟಾದ ಕಲ್ಲುಗಳನ್ನು ತಾವೇ ಉರುಳಿಬಂದು ಸೇರಿಕೊಂಡವೇನೋ ಎನ್ನುವ ಹಾಗೆ ಜೋಡಿಸಿದ್ದಾರೆ. ಕೆಳಗಿನ ಕಮಾನು ದೋಣಿಯ ಬಾಗಿಲು. ಇತ್ತೀಚಿನ ವರ್ಷಗಳಲ್ಲಿ ಹೂಳಿನಡಿ ಹೋಗಿದ್ದ ದೋಣಿಕಟ್ಟೆಯನ್ನು ಅಗೆದು ದುರಸ್ತಿ ಮಾಡಿದ್ದಾರೆ.

ಸೋರಿಕೆ

ಹಿಸ್ಟಾರಿಕ್ ಇಂಗ್ಲೆಂಡ್ ಸಂಸ್ಥೆಯ ಪಟ್ಟಿಯಲ್ಲಿ ಈ ಪಾರ್ಕಿಗೆ ಎರಡನೆಯ ದರ್ಜೆಯಲ್ಲೇ ವಿಶೇಷ ಎಂಬ ಸ್ಥಾನವಿದೆ. 2009ರಿಂದ ಅದೇ ಸಂಸ್ಥೆಯ ಅಪಾಯದಲ್ಲಿರುವ ಪರಂಪರೆಯ ಪಟ್ಟಿಯಲ್ಲೂ ಇದೆ. ಮುಖ್ಯ ಕಾರಣ ಕೆರೆಗಳು. ಎಪಿಂಗ್ ಕಡೆಯಿಂದ ತಿರುಗಿಸಿ ತಂದಿದ್ದ ನೀರು ಬಡಾವಣೆಗಳ ಚರಂಡಿ ಜಾಲದಲ್ಲಿ ಕಳೆದುಹೋಗಿ ಎಷ್ಟೋ ಕಾಲವಾಯಿತು. ಜೇಡಿಯ ತಳ ಬಿರುಕುಬಿಟ್ಟಿದೆ. ಹೆರನ್ರಿಗೆ ಕೊಳವೆಬಾವಿಯಿಂದ ನೀರೆತ್ತಿ ಹಾಕುತ್ತಾರೆ. ಆದರೂ ಒಣ ಬೇಸಿಗೆಯಲ್ಲಿ ಕೆರೆಯ ಬಹುಭಾಗ ಹೆಂಚಿನ ಚೂರಿನಂತೆ ಒಡೆದ ಕೆಸರು. ಆರ್ನಮೆಂಟಲ್ ವಾಟರ್ ಪಕ್ಕದಲ್ಲೇ ನದಿ ಹರಿಯುತ್ತಿದ್ದರೂ ತಾನು ಇಳಿಯುತ್ತಲೇ ಇರುತ್ತದೆ.

ಬರೀ ದುಡ್ಡಿನ ಕೊರತೆ ಎಂದು ನಾನು ಇದನ್ನು ಬಿಡುವುದಿಲ್ಲ. ಪಾರ್ಕು ಉಳಿದದ್ದು ಕಾಡಿನ ಕಾಯ್ದೆಯಡಿ. ಆ ಕಾಯ್ದೆ ಕಾಡಿನ ಸಹಜ ರೂಪವನ್ನು ಸಾಧ್ಯವಾದಷ್ಟು ಕಾಪಾಡಬೇಕು ಎನ್ನುತ್ತದೆ. ಎಪಿಂಗ್‌ನ ಹಾರ್ನ್‌ಬೀಮ್ ಕಾಡಿಗೆ ಅದು ಸರಿ. ಇಲ್ಲಿ ಸಹಜವಾದದ್ದು ಒಂದೂ ಇಲ್ಲ. ಕೆರೆ ಮನುಷ್ಯ ಮಾಡಿದ್ದು, ದ್ವೀಪ ಮನುಷ್ಯ ಮಾಡಿದ್ದು, ಮರದ ಸಾಲು ಹಗ್ಗ ಹಿಡಿದು ನೆಟ್ಟದ್ದು. ಕೋಟೆಯ ಆಕಾರದಲ್ಲಿ ಜೋಡಿಸಿದ್ದ ಪುಟ್ಟ ದ್ವೀಪಗಳ ಮೇಲೆ ಈಗ ಮರಗಳು ಬೆಳೆದು ಆಕಾರವೇ ತಿಳಿಯುವುದಿಲ್ಲ. ದಂಡೆಯ ಮರಗಳ ಬೇರು ಜೇಡಿಯ ಪದರವನ್ನು ಸೀಳುತ್ತದೆ. ಆ ಮರ ಕಡಿಯಲು ಹೊರಟರೆ ಹಕ್ಕಿ ನೋಡುವವರಿಗೂ ನೆರೆಯವರಿಗೂ ಸಂಕಟ. ಅವರದ್ದೂ ತಪ್ಪಲ್ಲ. ನೂರೈವತ್ತು ವರ್ಷ ಕಾಡೆಂದೇ ಕಂಡದ್ದನ್ನು ಒಮ್ಮೆಲೇ ತೋಟ ಎನ್ನುವುದು ಹೇಗೆ?

ಹಾಗೆಂದು ಎಲ್ಲವನ್ನೂ 1730ರ ನಕ್ಷೆಗೆ ಮರಳಿಸಬೇಕೆನ್ನುವವರ ಪಕ್ಷ ನನ್ನದಲ್ಲ. ಮನೆಯೇ ಇಲ್ಲದಮೇಲೆ ಮನೆಯ ಕಿಟಕಿಯಿಂದ ಕಾಣಬೇಕಾದ ನೋಟಕ್ಕಾಗಿ ನೂರು ವರ್ಷದ ಮರ ಕಡಿಯುವುದು ಹುಚ್ಚು. ನೀರಿನ ವಿಷಯ ಬೇರೆ. ಸರಣಿಯಲ್ಲಿ ಒಂದು ಕೆರೆ ಕೆಟ್ಟರೆ ಕೆಳಗಿನವೆಲ್ಲ ಕೆಡುತ್ತವೆ. ಹಾಗಾಗಿ ದುರಸ್ತಿ ಮೇಲಿನಿಂದ ಶುರುವಾಗಬೇಕು. ಹೆರನ್ರಿಯ ತಳ ಮೊದಲು, ಅದು ನೀರು ಹಿಡಿದಮೇಲೆ ಪರ್ಚ್, ಡೆಲ್, ಕೊನೆಗೆ ಆರ್ನಮೆಂಟಲ್ ವಾಟರ್. ಜನರ ಕಣ್ಣಿಗೆ ಬೀಳುವುದು, ಫೋಟೊದಲ್ಲಿ ಚೆಂದ ಕಾಣುವುದು ಗ್ರಾಟೊ ಇರುವ ಕೊನೆಯ ಕೆರೆ. ದೇಣಿಗೆಯೂ ಅದಕ್ಕೇ ಸುಲಭವಾಗಿ ಬರುತ್ತದೆ. ಕಲ್ಲಿನ ಕೆಲಸಕ್ಕೆ ದುಡ್ಡು ಹುಟ್ಟುವಷ್ಟು ಸಲೀಸಾಗಿ ಕೆಸರಿನ ಕೆಲಸಕ್ಕೆ ಹುಟ್ಟುವುದಿಲ್ಲ ಎಂಬುದು ಎಲ್ಲ ದೇಶದ ಕೆರೆ ಸಮಿತಿಗಳಿಗೂ ಗೊತ್ತು. ದುರಸ್ತಿಯಾದ ದೋಣಿಕಟ್ಟೆಯ ಮುಂದೆ ಮೊಣಕಾಲುದ್ದ ನೀರಾದರೂ ಬೇಸಿಗೆಯಲ್ಲಿ ನಿಲ್ಲಬೇಕಾದರೆ, ಮುಂದಿನ ಕಂತಿನ ಹಣವನ್ನು ಹೆರನ್ರಿಯ ಜೇಡಿಮಣ್ಣಿಗೆ ಹಾಕಬೇಕು, ಗಾಲ್ಫ್ ಮೈದಾನದ ಬೇಸಿನ್ನಿನಿಂದ ಬರುವ ಕೋಡಿಯ ಬಗ್ಗೆ ಕ್ಲಬ್ಬಿನೊಂದಿಗೆ ಲಿಖಿತ ಒಪ್ಪಂದವೂ ಆಗಬೇಕು.